ಜವರಣ್ಣನ ಪಿಜ್ಜಾ

ಜವರಣ್ಣನವರ ಬಲಗೈಯಲ್ಲಿ ಮೊಣಕೈವರೆಗೆ ಒಂದೇ ಒಂದು ರೋಮ ಇರಲಿಲ್ಲ. ಬೇಕರಿಯ ಸೌದೆ ಒಲೆಯ ಬಾಯಿಗೆ ಆ ಕೈಯನ್ನು ಚಾಚಿ, ತುಟಿ ಅಲ್ಲಾಡಿಸದೆ ಎಣಿಸುತ್ತಾ ಶಾಖ ನೋಡುತ್ತಿದ್ದರು. ಹತ್ತರವರೆಗೆ ಕೈ ತಡೆದರೆ ಬಿಸ್ಕತ್ತಿಗೆ ಹದ, ಏಳಕ್ಕೆ ಹಿಂದೆ ಬಂದರೆ ಬ್ರೆಡ್ಡಿಗೆ, ನಾಲ್ಕಕ್ಕೇ ಕಿತ್ತುಕೊಂಡರೆ ಪಿಜ್ಜಾಕ್ಕೆ. "ಶಾಖ ತೋರಿಸೋ ಮೀಟರ್ ಒಂದು ತಗೊಳ್ಳಿ ಜವರಣ್ಣ" ಎಂದು ನಾನು ಕಾಡಿದರೆ, "ಅದು ಕೆಟ್ಟೋದ್ರೆ ನಂಗೆ ಗೊತ್ತಾಗಕಿಲ್ಲ ಕಣವ್ವ. ಈ ಕೈ ಕೆಟ್ರೆ ಗೊತ್ತಾಯ್ತದೆ" ಎನ್ನುತ್ತಿದ್ದರು.

ಹೊಳೆನರಸೀಪುರದಲ್ಲಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿತ್ತು ಅವರ ಬೇಕರಿ. ನಮ್ಮ ಹಾಸನದ ಕಡೆಯವರು ಊರೂರಿಗೆ ಹೋಗಿ ಅಯ್ಯಂಗಾರ್ ಬೇಕರಿ ಎಂದು ಬೋರ್ಡು ಹಾಕಿ ಬದುಕು ಕಟ್ಟಿಕೊಂಡವರು. ಹಾಕಿದವರೆಲ್ಲ ಅಯ್ಯಂಗಾರರೇನಲ್ಲ, ಅದಕ್ಕೆ ಯಾರ ತಕರಾರೂ ಇಲ್ಲ. ಜವರಣ್ಣನಿಗೆ ಮಾತ್ರ ಅದು ಆಗಿಬರಲಿಲ್ಲ. "ನಾನು ಹರದನಹಳ್ಳಿ ರಾಗಿ ಹೊಲದೋನು. ಇಲ್ದಿದ್ದ ಎಸ್ರ ಯಾಕವ್ವ ತಲೆ ಮ್ಯಾಲೆ ತೂಗಾಕ್ಕೊಳ್ಳಿ?" ಎಂದು ಬರೀ 'ಬೇಕರಿ' ಎಂದಷ್ಟೇ ಬರೆಸಿದ್ದರು. ಊರಿನವರು ಅದನ್ನು ಹೆಸರಿಲ್ಲದ ಬೇಕರಿ ಎಂದು ಕರೆಯುತ್ತಿದ್ದರು.

ಇದೊಂದೇ ಅಲ್ಲ. ಬನ್ನು ಕೇಳಿದವರಿಗೆ "ನಿನ್ನೇದು ಕಣಪ್ಪ, ಬ್ಯಾಡ, ಮಧ್ಯಾಹ್ನ ಬಾ" ಎಂದು ಬಂದ ಗಿರಾಕಿಯನ್ನೇ ವಾಪಸ್ಸು ಕಳಿಸುವ ಆಸಾಮಿ. ಅವರ ಹೆಂಡತಿ ಗೌರಕ್ಕ ಒಳಗಿನಿಂದ ಹಣೆ ಚಚ್ಚಿಕೊಳ್ಳುತ್ತಿದ್ದರು. ನನಗೋ ಇದೆಲ್ಲ ತಮಾಷೆ. ನನ್ನ ಬಾಯಿ ಮೊದಲಿನಿಂದಲೂ ಜೋರು. ಎಲುಬಿಲ್ಲದ ನಾಲಿಗೆ, ಒಂದಲ್ಲ ಒಂದು ದಿನ ಯಾರಿಗಾದರೂ ಕುತ್ತು ತರುತ್ತೆ ಎಂದು ಅಮ್ಮ ಬೈಯುತ್ತಲೇ ಇದ್ದಳು. ಬೈಸಿಕೊಂಡು ನಗುವುದು ನನ್ನ ಅಭ್ಯಾಸ.

ಅವರ ಪಿಜ್ಜಾ ಹುಟ್ಟಿದ್ದೂ ಈ ಬಾಯಿಯಿಂದಲೇ. ಪಿಯುಸಿ ಓದುತ್ತಿದ್ದಾಗ ಒಂದು ಸಂಜೆ ಗೆಳತಿಯರ ಮುಂದೆ ದೌಲತ್ತು ತೋರಿಸಲು "ಜವರಣ್ಣ, ಪಿಜ್ಜಾ ಇದ್ಯಾ?" ಎಂದು ಕೇಳಿದೆ. ಟಿವಿಯಲ್ಲಿ ನೋಡಿದ್ದು ಬಿಟ್ಟರೆ ನಾನೂ ಅದನ್ನು ಕಂಡವಳಲ್ಲ. "ಇವತ್ತಿಲ್ಲ, ಶನಿವಾರ ಬಾ" ಎಂದರು ಅವರು. ಮೈದಾ ತರುತ್ತಿದ್ದ ಗಾಡಿಯವನು ಯಾವಾಗಲೋ ಬೆಂಗಳೂರಿನಲ್ಲಿ ತಿಂದಿದ್ದನಂತೆ. ರೊಟ್ಟಿ ತರ ಇರುತ್ತೆ, ಮೇಲೆ ತರಕಾರಿ, ಅದರ ಮೇಲೆ ಚೀಸು ಹಾಕಿ ಬೇಯಿಸುತ್ತಾರೆ ಎಂದು ಅವನು ಬಾಯಲ್ಲಿ ಹೇಳಿದ್ದೇ ಆಧಾರ. ಅಷ್ಟರ ಮೇಲೆ ಜವರಣ್ಣ ಮಾಡಿದರು.

ಬನ್ನಿನ ಹಿಟ್ಟನ್ನೇ ಅಂಗೈ ಅಗಲಕ್ಕೆ ತಟ್ಟಿ ಬೇಯಿಸಿ, ಬೆಣ್ಣೆ ಸವರಿ ಇನ್ನೊಮ್ಮೆ ಗರಿ ಮಾಡುತ್ತಿದ್ದರು. ಈರುಳ್ಳಿ, ಕ್ಯಾರೆಟ್ಟು, ದಪ್ಪ ಮೆಣಸಿನಕಾಯಿ ಸಣ್ಣಗೆ ಹೆಚ್ಚಿ ಹಸಿ ಶುಂಠಿಯ ಜೊತೆ ಬಾಡಿಸಿ, ಗೌರಕ್ಕ ಮನೆಯಲ್ಲಿ ಮಾಡಿದ ಸಾರಿನ ಪುಡಿ ಒಂದು ಚಿಟಿಕೆ. ಟೊಮೆಟೊ ಗೊಜ್ಜಿಗೆ ಒಂದು ಚೂರು ಬೆಲ್ಲ. ಮೇಲೆ ಚೀಸಿನ ತುರಿ, ಅದೂ ಕೈ ಬಿಗಿ ಹಿಡಿದು. ಸೌದೆ ಒಲೆಯಲ್ಲಿ ಅಂಚು ಕಪ್ಪಗೆ ಸುಟ್ಟು, ನಡುವೆ ಗೊಜ್ಜು ಕುದಿಯುತ್ತಾ ಬರುತ್ತಿತ್ತು. ನಾಲ್ಕು ಭಾಗ ಮಾಡಿ ಒಂದು ತುಂಡಿನ ತುದಿ ಹಿಡಿದೆತ್ತಿ ಪರೀಕ್ಷೆ ಮಾಡಿಯೇ ಕೊಡುತ್ತಿದ್ದರು. "ಇಡ್ಕಂಡ್ರೆ ನೆಟ್ಟಗೆ ನಿಂತ್ಕೋಬೇಕು ಕಣವ್ವ. ತಲೆ ಬಗ್ಸಿದ್ರೆ ಒಳಗಡೆ ಬೆಂದಿಲ್ಲ ಅಂತ್ಲೇ ಲೆಕ್ಕ." ಶನಿವಾರ ಸಂಜೆ ಅದಕ್ಕಾಗಿ ಅರ್ಧ ಕಾಲೇಜು ಅಲ್ಲಿ ನಿಂತಿರುತ್ತಿತ್ತು.

ಓದು ಮುಗಿದು ಹಾಸನದ ರಕ್ತ ಪರೀಕ್ಷೆಯ ಲ್ಯಾಬೊಂದರಲ್ಲಿ ನನಗೆ ಕೆಲಸ ಸಿಕ್ಕಿತು. ಚನ್ನರಾಯಪಟ್ಟಣದ ಶಿಲ್ಪ ಎಂಬವಳ ಜೊತೆ ರೂಮು. ಮುಕ್ಕಾಲು ಗಂಟೆಯ ದಾರಿಯ ಊರು, ಆದರೂ ನನ್ನ ನಾಲಿಗೆಗೆ ಅದು ಪರದೇಶವಾಯಿತು. ಶನಿವಾರ ಬಂತೆಂದರೆ ಬಾಯಿ ಪಿಜ್ಜಾ ಕೇಳುತ್ತಿತ್ತು, ಅದೂ ನಮ್ಮೂರಿನ ಪಿಜ್ಜಾವನ್ನೇ. ಬಿ.ಎಂ. ರಸ್ತೆಯ ಒಂದು ಬೇಕರಿಯಲ್ಲಿ ಬನ್ನಿನ ಮೇಲೆ ಕೆಂಪು ಸಾಸು ಬಳಿದು ಕೊಟ್ಟರು. ಇನ್ನೊಂದರಲ್ಲಿ ಮೇಲೆ ಖಾರಾಬೂಂದಿ ಉದುರಿಸಿದ್ದರು, ನಾನು ಅಲ್ಲೇ ಜಗಳಕ್ಕೆ ನಿಂತೆ. ಸಾಲಗಾಮೆ ರಸ್ತೆಯ ಬೇಕರಿಯವನಿಗೆ ಬೇಸ್ ಯಾವಾಗಿನದು, ಒಲೆ ಸೌದೆಯದಾ, ಪುಡಿ ಯಾರು ಮಾಡುತ್ತಾರೆ ಎಂದೆಲ್ಲ ಕೇಳಿದ್ದಕ್ಕೆ ಅವನು, "ಮೇಡಂ, ಪಿಜ್ಜಾ ತಿನ್ನೋಕ್ ಬಂದ್ರಾ, ಸಂಬಂಧ ನೋಡೋಕ್ ಬಂದ್ರಾ?" ಎಂದ. ಶಿಲ್ಪ ಒಂದು ವಾರ ಅದನ್ನೇ ಹೇಳಿಕೊಂಡು ನಕ್ಕಳು.

ಊರಿಗೆ ಹೋದಾಗಲೆಲ್ಲ ಈ ಹುಡುಕಾಟದ ವರದಿಯನ್ನು ಜವರಣ್ಣನಿಗೆ ಒಪ್ಪಿಸುತ್ತಿದ್ದೆ. ಅವರು ಹಿಟ್ಟು ನಾದುತ್ತಲೇ ವೈದ್ಯರ ಹಾಗೆ ಕಾರಣ ಹೇಳುವರು. "ಬೇಸ್ ಗರಿ ಮಾಡಿಲ್ಲ ಅವ್ನು, ಅದಕ್ಕೇ ಮೆತ್ತಗಾಗದೆ." "ಈರುಳ್ಳಿ ಹಸೀದೇ ಆಕವ್ನೆ, ನೀರು ಬಿಟ್ಕಂಡದೆ." ಕೊನೆಗೆ ನನಗೆಂದು ಎತ್ತಿಟ್ಟ ಒಂದು ಪಿಜ್ಜಾ ಕೈಗೆ ಬರುತ್ತಿತ್ತು. ಅವರ ಮುಖದಲ್ಲಿ ಆಗ ಕಾಣುತ್ತಿದ್ದ ಹೆಮ್ಮೆಯನ್ನು ನಾನು ಗಮನಿಸಿದ್ದೆ. ಗಮನಿಸಿಯೂ ಅಂಥ ಕೆಲಸ ಮಾಡಿದೆ.

ಒಂದು ಸಲ ಅವರೇ ಕೇಳಿದರು. "ಅಲ್ಲವ್ವ, ಇಷ್ಟು ಅಂಗ್ಡಿ ತಿರುಗ್ದೆ. ಅಲ್ಲಿ ಗಾಜಿನ ಬಾಗ್ಲು ಆಕಿರೋ ದೊಡ್ಡ ಪಿಜ್ಜಾ ಅಂಗ್ಡಿ ಅದಂತಲ್ಲ, ಅಲ್ಲೀದು ಒಂದು ತಂದ್ಕೊಡು. ಇಷ್ಟು ವರ್ಸದಿಂದ ಮಾಡ್ತಾ ಇವ್ನಿ, ಒಂದ್ಸಲಾನೂ ಬಾಯಿಗೆ ಇಟ್ಟಿಲ್ಲ."

ಮುಂದಿನ ಭಾನುವಾರ ಶಿಲ್ಪಳನ್ನೂ ಕರೆದುಕೊಂಡು, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ಹೋದೆ. ನಿಜ ಹೇಳಬೇಕೆಂದರೆ ಆ ದೊಡ್ಡ ಅಂಗಡಿಯದು ನನಗೆ ಸೇರುತ್ತಿರಲಿಲ್ಲ. ಹಿಟ್ಟು ಹಿಟ್ಟು, ಎಳೆದರೆ ಮಾರುದ್ದ ಬರುವ ಚೀಸು, ಎರಡು ತುತ್ತಿಗೆ ಬಾಯಿ ಕಟ್ಟುವುದು. ಆದರೆ ಶಿಲ್ಪ ದಾರಿಯುದ್ದಕ್ಕೂ "ನಿಮ್ಮೂರ ಬನ್ನಿಗೆ ಇಷ್ಟೊಂದು ಬಿಲ್ಡಪ್ಪಾ?" ಎಂದು ರೇಗಿಸಿದ್ದಳು. ಊರಿಗೆ ಇಳಿದು ಆ ಬೀದಿ, ಮಸಿ ಹಿಡಿದ ಆ ಗೋಡೆಗಳನ್ನು ಅವಳ ಕಣ್ಣಿನಿಂದ ನೋಡಿದಾಗ ನನಗೇಕೋ ಸಂಕೋಚವಾಯಿತು.

ಜವರಣ್ಣ ಕೈ ತೊಳೆದು, ಟವೆಲಿನಲ್ಲಿ ಒರೆಸಿಕೊಂಡು, ಸ್ಟೂಲಿನ ಮೇಲೆ ಕುಳಿತರು. ಬೇಕರಿಯಲ್ಲಿ ಅವರು ಕುಳಿತದ್ದನ್ನು ನಾನು ನೋಡಿದ್ದು ಅದೇ ಮೊದಲು. ಒಂದು ತುಂಡನ್ನು ಕಣ್ಣು ಮುಚ್ಚಿ, ನಿಧಾನವಾಗಿ ತಿಂದರು. "ಪಿಜ್ಜಾ ಅಂದ್ರೆ ಇದೇನಾ?" ಎಂದು ಶಿಲ್ಪಳನ್ನು ಕೇಳಿದರು. "ಹೂಂ ಅಣ್ಣ, ಇದೇ ಒರಿಜಿನಲ್" ಎಂದಳು ಅವಳು. ಅವರು ನನ್ನ ಕಡೆ ತಿರುಗಿದರು.

"ಅಂಗಾರೆ ನಂದು?"

ಟೀ ಕುಡಿಯುತ್ತಿದ್ದ ನಾಲ್ಕೈದು ಮಂದಿ ಕಿವಿ ನಿಮಿರಿಸಿದ್ದರು. ನಾನು ನಗುತ್ತಾ, "ನಿಮ್ದು ಬನ್ನಿನ ಮೇಲೆ ಪಲ್ಯ ಜವರಣ್ಣ" ಎಂದುಬಿಟ್ಟೆ.

ಎಲ್ಲರೂ ನಕ್ಕರು. ಅವರೂ ನಕ್ಕರು. ಉಳಿದ ತುಂಡುಗಳನ್ನು ಗೌರಕ್ಕನಿಗೆಂದು ಕಟ್ಟಿಟ್ಟು, ನಮಗೆ ಟೀ ಕೊಟ್ಟು ಕಳಿಸಿದರು. ರೈಲಿನಲ್ಲಿ ಶಿಲ್ಪ ನನ್ನ ಮಾತನ್ನು ನೆನೆನೆನೆದು ನಗುವಾಗ ನನಗೆ ಖುಷಿಯೇ ಆಗಿತ್ತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಹದಿನೈದು ದಿನ ಬಿಟ್ಟು ಹೋದರೆ, ಬೇಕರಿಯ ಗೋಡೆಯ ಮೇಲೆ ಬರೆಸಿದ್ದ ತಿಂಡಿಗಳ ಪಟ್ಟಿಯಲ್ಲಿ ಪಿಜ್ಜಾ ಎಂದಿದ್ದ ಜಾಗಕ್ಕೆ ಸುಣ್ಣ ಬಳಿದಿತ್ತು. ಇದೇನು ಎಂದು ಕೇಳಿದೆ.

"ಅದು ಅಲ್ಲ ಅಂತ ಗೊತ್ತಾದ್ ಮ್ಯಾಲೆ ಆ ಎಸ್ರಲ್ಲಿ ಎಂಗವ್ವ ಮಾರ್ಲಿ? ಗೊತ್ತಿಲ್ದೆ ಮಾರಿದ್ದು ತಪ್ಪಲ್ಲ. ಇನ್ ಮುಂದೆ ಮಾರುದ್ರೆ ತಪ್ಪು."

"ಬೇರೆ ಹೆಸರಿಡಿ ಜವರಣ್ಣ. ತರಕಾರಿ ಬನ್ ಅನ್ನಿ, ಏನಾದ್ರೂ ಅನ್ನಿ."

"ಪಿಜ್ಜಾ ಅಂತ್ಲೇ ಉಟ್ತು, ಪಿಜ್ಜಾ ಅಂತ್ಲೇ ಓಯ್ತು. ಬುಡವ್ವ" ಎಂದು ಖಾರಾಬನ್ ಒಂದನ್ನು ಕೈಗಿಟ್ಟರು. ಕೋಪವಿರಲಿಲ್ಲ, ಕೊಂಕೂ ಇರಲಿಲ್ಲ. ಕಾಲೇಜಿನ ಹುಡುಗಿಯರು ಬಂದು ಕೇಳಿದರೆ "ಆಸನಕ್ಕೋಗಿ ತಿನ್ನಿ ಮಕ್ಳಾ, ಅಲ್ಲಿ ನಿಜವಾದ್ದು ಸಿಕ್ತದೆ" ಎಂದು ದಾರಿ ಬೇರೆ ಹೇಳುತ್ತಿದ್ದರು. ನನಗಾದರೂ ಒಂದು ಮಾಡಿಕೊಡಿ ಎಂದು ಎಷ್ಟೋ ಸಲ ಗೋಗರೆದೆ. "ಮಾಡಾವ, ಮಾಡಾವ" ಎನ್ನುತ್ತಿದ್ದರು. ಮಾಡಲಿಲ್ಲ.

ನಾನು ಆಗಲೇ ಕೂತು ಮಾತಾಡಬೇಕಿತ್ತು. ಅದು ಬಿಟ್ಟು ಆ ಬೀದಿಗೆ ಹೋಗುವುದನ್ನೇ ಕಡಿಮೆ ಮಾಡಿದೆ. ಸುಣ್ಣ ಬಳಿದ ಆ ಜಾಗ ನೋಡಲು ನನಗೆ ಮುಖವಿರಲಿಲ್ಲ. ಹಾಸನದಲ್ಲಿ ಮಾತ್ರ ಹುಡುಕಾಟ ಬಿಡಲಿಲ್ಲ. ಅರಕಲಗೂಡಿಗೆ ಮದುವೆಗೆ ಹೋದಾಗಲೂ ಛತ್ರದ ಊಟ ಬಿಟ್ಟು ಬೇಕರಿ ಸುತ್ತಿದೆ. ಎಲ್ಲೂ ಇರಲಿಲ್ಲ. ಇರಲು ಅದೇನು ಕಂಪನಿ ಮಾಲೇ? ಒಬ್ಬ ಮನುಷ್ಯ ತಿನ್ನದೆ, ನೋಡದೆ, ಒಂದು ಹುಡುಗಿಗೆ ಇಲ್ಲ ಎನ್ನಲಾರದೆ ಕಟ್ಟಿಕೊಂಡ ರುಚಿ ಅದು.

ಎರಡು ವರ್ಷದ ಮೇಲೆ ಒಂದು ಬೆಳಿಗ್ಗೆ ಜವರಣ್ಣ ನಮ್ಮ ಲ್ಯಾಬಿಗೇ ಬಂದರು. ಅರ್ಧಕ್ಕರ್ಧ ಇಳಿದುಹೋಗಿದ್ದರು. ಗುರುತು ಹಿಡಿದಿದ್ದು ದನಿಯಿಂದ. "ಖಾಲಿ ಒಟ್ಟೇಲಿ ಬಾ ಅಂದವ್ರೆ ಕಣವ್ವ ಡಾಕ್ಟ್ರು. ನೀನೇ ಚುಚ್ತೀಯ ಅಂದ್ರೆ ಭಯ ಇಲ್ಲ ಬುಡು" ಎಂದು ಚೀಟಿ ಕೊಟ್ಟರು. ಅದರಲ್ಲಿದ್ದ ಪರೀಕ್ಷೆಗಳ ಹೆಸರನ್ನು ಎರಡು ಸಲ ಓದಿದೆ. ಡಾಕ್ಟರು ಯಾವ ದೊಡ್ಡ ಕಾಯಿಲೆ ಹುಡುಕುತ್ತಿದ್ದಾರೆಂದು ಇಂಥ ಚೀಟಿಗಳನ್ನೇ ದಿನವೂ ನೋಡುವ ನನಗೆ ತಿಳಿಯದೆ ಇರುತ್ತದೆಯೇ.

ರಕ್ತ ತೆಗೆದು, ಹತ್ತಿ ಒತ್ತಿ ಹಿಡಿದುಕೊಂಡೇ ಹೇಳಿದೆ. ಆವತ್ತು ಅಂದದ್ದು ಸುಳ್ಳು, ಶಿಲ್ಪಳ ಮುಂದೆ ದೊಡ್ಡವಳಾಗಲು ಅಂದೆ, ನಿಮ್ಮದರ ಮುಂದೆ ಅದು ಏನೂ ಅಲ್ಲ, ಇವತ್ತಿಗೂ ಊರೂರು ಹುಡುಕುತ್ತಿದ್ದೇನೆ, ಎಲ್ಲೂ ಇಲ್ಲ. ಹೇಳುತ್ತಾ ಹೇಳುತ್ತಾ ಅಳು ಬಂತು.

ಜವರಣ್ಣ ಸಮಾಧಾನವಾಗಿ ಕೇಳಿಸಿಕೊಂಡರು. "ಇದ್ದದ್ ಇದ್ದಂಗೆ ಯೋಳುದ್ರೆ ಎದ್ ಬಂದು ಎದೆಗೆ ಒದ್ರು ಅಂತಾರಲ್ಲ, ನಾನು ಒದ್ದೆನಾ? ಮತ್ಯಾಕವ್ವ ಅಳ್ತೀಯ?" ಎಂದರು. "ನಗ್ತಾ ಬಾಯಿಗೆ ಬಂದಿದ್ದೇ ನಿಜ ಕಣವ್ವ. ಅಳ್ತಾ ಬರೋದು ಕನಿಕರ. ಊರ್ನೋರೆಲ್ಲ ನನ್ ಮಕ ನೋಡ್ಕಂಡು ಚೆಂದಾಗದೆ, ಚೆಂದಾಗದೆ ಅಂದ್ರು. ನಿಜ ಯೋಳಿದ್ದು ನೀನೊಬ್ಳೇಯ. ಈಗ ನೀನೂ ಊರ್ನೋರಂಗೆ ಆಗ್ಬ್ಯಾಡ."

ಅಲ್ಲ ಜವರಣ್ಣ, ಕೇಳಿ ಎಂದೆ. ಅವರು ಎದ್ದು ಟವೆಲನ್ನು ಹೆಗಲಿಗೆ ಹಾಕಿಕೊಂಡು, ತಿಂಡಿಗೆ ಹತ್ತಿರದಲ್ಲಿ ಯಾವ ಹೋಟೆಲಿದೆ ಎಂದು ಕೇಳಿದರು. ಬಾಗಿಲಿನವರೆಗೂ ಹೋಗಿ ತೋರಿಸಿದೆ. ಒಳಗೆ ಇನ್ನೂ ಒಂಬತ್ತು ಜನ ಅಂಗಿಯ ತೋಳು ಮಡಚಿಕೊಂಡು ಕಾಯುತ್ತಿದ್ದರು.

ಅವರು ಮತ್ತೆ ಬರಲಿಲ್ಲ. ಶಿವರಾತ್ರಿ ಕಳೆದ ಮೇಲೆ ತೀರಿಕೊಂಡರೆಂದು ಅಮ್ಮ ಫೋನು ಮಾಡಿದಳು. ತಿಥಿಗೆ ಹರದನಹಳ್ಳಿಗೆ ಹೋದೆ. ಪಂಕ್ತಿಯ ಕೊನೆಯಲ್ಲಿ ಕುಳಿತಿದ್ದ ನನ್ನನ್ನು ಗೌರಕ್ಕ ಹುಡುಕಿಕೊಂಡು ಬಂದು ತಾವೇ ಸಾರು ಬಡಿಸಿದರು. ಪಕ್ಕದವರಿಗೆ ನನ್ನನ್ನು ತೋರಿಸಿ, "ಈ ಮಗಿನ್ ಕಂಡ್ರೆ ನಮ್ಮೋರಿಗೆ ಬಾಳ ಮರ್ವಾದೆ. ಯಾರ್ ಮುಲಾಜಿಗೂ ಸುಳ್ ಯೋಳಾಕಿಲ್ಲ ಇವ್ಳು ಅಂತ ಕೊನೇಗಂಟ ಅಂತಿದ್ರು" ಎಂದರು. ಆಮೇಲೆ ನನ್ನ ಎಲೆಯ ಕಡೆ ಬಗ್ಗಿ, "ಬ್ಯಾರೆಯೋರ್ ಮಾತ ನಾನು ನಂಬಾಕಿಲ್ಲ. ನೀನೇಳವ್ವ, ಅಡ್ಗೆ ಎಂಗದೆ?" ಎಂದು ಕೇಳಿದರು.

ಎಲೆಯ ಮುಂದೆ ಕೂತಾಗಿನಿಂದಲೂ ನನ್ನ ನಾಲಿಗೆಗೆ ಉಪ್ಪೂ ತಿಳಿದಿರಲಿಲ್ಲ, ಹುಳಿಯೂ ತಿಳಿದಿರಲಿಲ್ಲ.

"ಚೆನ್ನಾಗಿದೆ ಗೌರಕ್ಕ" ಎಂದೆ.

ಗೌರಕ್ಕ ನಂಬಿದರು.