ಶಿವಮಲ್ಲಪ್ಪನಿಗೊಂದು ಜೆರ್ಸಿ

ಹೊಟ್ಟೆಕಿಚ್ಚಿನಿಂದಲೇ ಶುರು ಮಾಡುತ್ತೇನೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ನಮ್ಮ ಮೈಸೂರು ಭೇರುಂಡಾಸ್ ಬ್ಯಾಸ್ಕೆಟ್‌ಬಾಲ್ ತಂಡ ತನ್ನ ಹೊಸ ಕ್ರೀಡಾಂಗಣದಲ್ಲಿ ಗೌರವಕ್ಕೆಂದು ಒಂದೇ ಒಂದು ಜೆರ್ಸಿಯನ್ನು ಎತ್ತರಕ್ಕೆ ತೂಗುಹಾಕಲಿದೆ. ಅದು ಮೊದಲ ಕ್ಯಾಪ್ಟನ್ ಯೋಗೇಂದ್ರನದು, ಅಂದರೆ ನನ್ನದು, ಅಲ್ಲ. ಶಿವಮಲ್ಲಪ್ಪನದು. ಜನ್ಮದಲ್ಲಿ ಜೆರ್ಸಿ ತೊಡದವನದು! ಸಮಾರಂಭದಲ್ಲಿ ಓದಲು ಅವನ ಬಗ್ಗೆ ನಾನೇ ಒಂದು ಪುಟ ಬರೆದುಕೊಡಬೇಕಂತೆ. ಗಾಯದ ಮೇಲೆ ಬರೆ ಎಳೆಯುವುದೆಂದರೆ ಇದೇ.

ಶಿವಮಲ್ಲಪ್ಪ ನಜರ್‌ಬಾದಿನ ಹಿಟ್ಟಿನ ಗಿರಣಿಯವನು. 1991ರಲ್ಲಿ ನಾವು ಆರೇಳು ಜನ ಖಾಲಿ ಜಾಗದಲ್ಲಿ ಎರಡು ಕಂಬ ನೆಟ್ಟು ಕ್ಲಬ್ ಕಟ್ಟಿದಾಗ ತಾನಾಗಿಯೇ ಬಂದ. ಕುಳ್ಳ. ಆಟಕ್ಕೆ ಯಾರೂ ಕರೆಯಲಿಲ್ಲ. ದಿನಾ ಬೆಳಿಗ್ಗೆ ಮಣ್ಣಿಗೆ ನೀರು ಚಿಮುಕಿಸಿ, ಸುಣ್ಣದ ಗೆರೆ ಎಳೆದು, ಹರಿದ ಬಲೆ ಹೆಣೆದು ಆಮೇಲೆ ಗಿರಣಿಗೆ ಹೋಗುತ್ತಿದ್ದ. ಅವನ ಮೈಮೇಲೆ ವಿಭೂತಿ ಯಾವುದು, ಹಿಟ್ಟು ಯಾವುದು, ಸುಣ್ಣ ಯಾವುದು ಎಂದು ಗೊತ್ತಾಗುತ್ತಿರಲಿಲ್ಲ. ಪಾಯಿಂಟ್ ಗಳಿಸುವವನು ನಾನು, ಹುಡುಗರು ಮುತ್ತಿಕೊಳ್ಳುವುದು ‘ಮಲ್ಲಪ್ಪಣ್ಣ’ನನ್ನು. ಮೈಯೆಲ್ಲ ಉರಿಯುತ್ತಿತ್ತು.

1996ರ ಆಯುಧಪೂಜೆಯ ಸಂಜೆ ನಮ್ಮ ಅಂಕಣದಲ್ಲೇ ಫೈನಲ್. ಚೆಂಡಿಗೆ ಪೂಜೆ ಮಾಡುವವನು ಯಾವಾಗಲೂ ಮಲ್ಲಪ್ಪನೇ. ಕೊನೆಯ ನಿಮಿಷದಲ್ಲಿ ಆಡುತ್ತಿದ್ದ ಚೆಂಡಿನ ಗಾಳಿ ಇಳಿದಾಗ ಪೂಜೆಯ ಹೊಸ ಚೆಂಡನ್ನು ನಾನೇ ಕೂಗಿ ತರಿಸಿದೆ. ಒಂದು ಪಾಯಿಂಟ್ ಹಿಂದಿದ್ದೆವು. ಬುಟ್ಟಿಯ ಕೆಳಗೆ ನಾನೊಬ್ಬನೇ ಇದ್ದೆ, ಚೆಂಡು ಕೈಯಿಂದ ಜಾರಿತು. ಸೋತೆವು. ನೋಡಿದರೆ ಚೆಂಡಿಗೆಲ್ಲ ಎಣ್ಣೆ, ಕುಂಕುಮ!

ಎಲ್ಲರೂ ಮಲ್ಲಪ್ಪನ ಮೇಲೆ ಬಿದ್ದರು. ಅವನು ನನ್ನನ್ನೊಮ್ಮೆ ನೋಡಿ, “ನಂದೇ ತಪ್ಪು ಬುಡಿ” ಅಂದ. ಅಂದಿನಿಂದ ಚೆಂಡು ಮುಟ್ಟಲು ಅವನಿಗೆ ಬಿಡಲಿಲ್ಲ. ಆದರೂ ಮರುದಿನ ಗೆರೆ ಎಳೆಯಲು ಬಂದಿದ್ದ, ನಾಚಿಕೆಗೆಟ್ಟವನು.

ಮಣ್ಣು ಹೋಗಿ ಸಿಮೆಂಟ್ ಬಂತು. 2019ರಲ್ಲಿ ಯಾದವಗಿರಿಯ ಚಂದ್ರಮತಿ ಮೇಡಂ ಕ್ಲಬ್ಬನ್ನು ಕೊಂಡು, ಹೆಸರು ಬದಲಿಸಿ, ವೃತ್ತಿಪರ ಲೀಗಿಗೆ ಇಳಿಸಿದರು. ಪಂಜಾಬಿನಿಂದ ಆರೂಮುಕ್ಕಾಲು ಅಡಿಯ ಆಟಗಾರರು ಬಂದರು, ಮರದ ನೆಲ ಬಂತು. ಸುಣ್ಣದ ಕೆಲಸ ಮುಗಿಯಿತಲ್ಲ ಎಂದು ನಾನು ಖುಷಿಪಟ್ಟರೆ, ಮಲ್ಲಪ್ಪ ನೆಲದ ಬೆವರು ಒರೆಸಲು ನಿಂತ. ಯಾರ ಜೆರ್ಸಿ ತೂಗುಹಾಕಲಿ ಎಂದು ಮೇಡಂ ಕೇಳಿದಾಗ ಹಳಬರೆಲ್ಲ ಅವನ ಹೆಸರನ್ನೇ ಹೇಳಿದರು.

ನನಗೊಂದು ದಾರಿ ಹೊಳೆಯಿತು. ಹಳಬರು ಮರೆತಿರುವ, ಮೇಡಂಗೆ ಗೊತ್ತೇ ಇಲ್ಲದ ಎಣ್ಣೆ ಚೆಂಡಿನ ಕಥೆಯನ್ನು ಪುಟದಲ್ಲಿ ಸೇರಿಸಿಬಿಟ್ಟರೆ ಮುಗಿಯಿತು, ಫೈನಲ್ ಸೋಲಿಸಿದವನ ಜೆರ್ಸಿಯನ್ನು ಯಾರು ತೂಗುಹಾಕುತ್ತಾರೆ? ಸಭ್ಯತೆಗೆಂದು ಗಿರಣಿಗೆ ಹೋಗಿ ಹೇಳಿದೆ.

“ಆ ಫೈನಲ್ ವಿಷ್ಯಾನೂ ಬರೀಬೇಕಾಗುತ್ತಲ್ಲ ಮಲ್ಲಪ್ಪ.”

ಅವನು ರಾಗಿ ಸುರಿಯುವುದನ್ನು ನಿಲ್ಲಿಸಲಿಲ್ಲ. “ಬರ್ಕೊಳಿ ಯೋಗಣ್ಣ, ನಂಗೇನು. ಅವತ್ತು ಬೆಳಿಗ್ಗೆ ನೀವು ಚೆಂಡ ಬೆಟ್ಟಕ್ಕೆ ತಗೊಂಡೋಗಿದ್ದು ಮಾತ್ರ ಬರೀಬ್ಯಾಡಿ. ನಿಮ್ಗೆ ಮರ್ಯಾದೆ ಕಮ್ಮಿ ಆಯ್ತದೆ.”

ಮಲ್ಲಪ್ಪ ಚೆಂಡಿಗೆ ಒಣ ವಿಭೂತಿ ಬಿಟ್ಟು ಏನೂ ಹಚ್ಚುತ್ತಿರಲಿಲ್ಲ, ಜಾರುತ್ತದೆ ಎಂದು. ಗೆದ್ದರೆ ಅವನ ವಿಭೂತಿಯಿಂದಲೇ ಗೆದ್ದೆವೆಂದು ಹುಡುಗರು ಕುಣಿಯುತ್ತಾರೆ ಎಂಬ ಸಂಕಟಕ್ಕೆ ನಾನೇ ಚೆಂಡನ್ನು ಚೀಲದಲ್ಲಿಟ್ಟುಕೊಂಡು ಚಾಮುಂಡಿ ಬೆಟ್ಟ ಹತ್ತಿದ್ದೆ. ಮೆಟ್ಟಿಲ ಮೇಲೆ ಕೂತು ದೀಪದ ಎಣ್ಣೆಯಲ್ಲಿ ಕುಂಕುಮ ಕಲಸಿ ಕೈಯಾರೆ ಹಚ್ಚಿ, ಚೆಂಡನ್ನು ಮತ್ತೆ ಪೂಜೆಯ ಜಾಗದಲ್ಲಿಟ್ಟಿದ್ದೆ. ಯಾರೂ ನೋಡಲಿಲ್ಲ ಅಂದುಕೊಂಡಿದ್ದೆ.

ನನ್ನ ಪಾಲಿನ ಬೈಗುಳವನ್ನು ಸುಮಾರು ಮೂವತ್ತು ವರ್ಷ ತಿಂದೂ ಬಾಯಿ ಬಿಡದೆ ಇದ್ದಾನೆ. ನನ್ನಿಂದ ಒಂದು ದಿನವೂ ಆಗದ ಕೆಲಸ. ಈಗ ಅದರ ಮೇಲೂ ಹೊಟ್ಟೆಕಿಚ್ಚು.

ಅವನು ಬೇಡವೆಂದದ್ದನ್ನೇ ಬರೆದಿದ್ದೇನೆ, ಮೇಡಂ ಓದಲಿ. ಜೆರ್ಸಿ ಮೇಲೇರಿಸುವ ಹಗ್ಗವನ್ನು ನಾನೇ ಎಳೆಯುತ್ತೇನೆ. ಕೈ ಜಾರದಿರಲೆಂದು ಅವನ ಹತ್ತಿರವೇ ಚಿಟಿಕೆ ವಿಭೂತಿ ಕೇಳಿ ಇಸಿದುಕೊಂಡಿದ್ದೇನೆ.