ಕೆರೆಯಲ್ಲಿ ಈಜು ಕಲಿಸಿದ ಅತ್ತೆ

ಮೊನ್ನೆ ಕೋಲಾರದಿಂದ ಮುಳಬಾಗಿಲಿಗೆ ಬರುವ ಬಸ್ಸಿನಲ್ಲಿ, ಪಕ್ಕದಲ್ಲಿ ಕೂತ ಹುಡುಗಿಯ ಒದ್ದೆ ಜಡೆಯಿಂದ ಸೀಗೆಪುಡಿಯ ಜೊತೆಗೆ ಕೆರೆಮಣ್ಣಿನ ವಾಸನೆ ಬಂತು. ನಿಮಗೂ ಹೀಗೆ ಕಳೆದುಹೋದ ಯಾರದೋ ವಾಸನೆ ದಾರಿಯಲ್ಲಿ ಎದುರಾಗಿರಬಹುದು. ನನಗದು ಸುಶೀಲತ್ತೆಯ ವಾಸನೆ. ಅಪ್ಪನ ಒಬ್ಬಳೇ ತಂಗಿ ಆಕೆ. ಬೆಂಗಳೂರಿನ ಕಾಲೇಜಿಗೆ ಈಜಿನಲ್ಲಿ ಪದಕಗಳನ್ನು ತಂದುಕೊಟ್ಟವಳು, ತಾನು ಓದಿದ ಮುಳಬಾಗಿಲಿನ ಶಾಲೆಗೇ ಆಟದ ಟೀಚರಾಗಿ ಬಂದು, ದೇವರಾಯಸಮುದ್ರದ ನಮ್ಮ ಮನೆಯಲ್ಲಿದ್ದಳು. ಶಾಲೆಯಲ್ಲಿ ಈಜುಕೊಳವಿರಲಿಲ್ಲ. ಭಾನುವಾರ ಬೆಳಗ್ಗೆ ಹುಡುಗಿಯರನ್ನೆಲ್ಲ ನಮ್ಮೂರ ಕೆರೆಗೆ ಕರೆತರುತ್ತಿದ್ದಳು. ಚೂಡಿದಾರದಲ್ಲೇ ನೀರಿಗಿಳಿದ ನಮ್ಮ ಗದ್ದಕ್ಕೆ ಅಂಗೈ ಕೊಟ್ಟು, "ಹೆದರ್ಬೇಡ ಕಣೇ, ನಾನಿದ್ದೀನಿ" ಅನ್ನುತ್ತಿದ್ದಳು. ಆಮೇಲೆ ಪಡಸಾಲೆಯ ತುಂಬ ಒದ್ದೆ ಬಟ್ಟೆ, ಅಜ್ಜಿ ಬಡಿಸುವ ಬಿಸಿ ಮುದ್ದೆ, ಹುರುಳಿ ಸಾರು. ಆರು ವರ್ಷದ ನನ್ನ ತಂಗಿ ಪುಟ್ಟಿ ತಾನೂ ಕಲಿಯಬೇಕೆಂದು ಅಳುತ್ತಿದ್ದಳು. "ಮುಂದಿನ್ ಬೇಸಿಗೆಗೆ, ಬಂಗಾರೂ" ಎಂದು ಅತ್ತೆ ಪ್ರತಿ ಸಲವೂ ಹೇಳುತ್ತಿದ್ದಳು.

ನಮ್ಮ ಶಾಲೆ ಈಜಿನಲ್ಲಿ ರಾಜ್ಯಮಟ್ಟದಲ್ಲಿ ಗೆದ್ದ ದಿನ, ತಂಡದಲ್ಲಿದ್ದ ನಾನೂ ಅತ್ತೆಯೂ ಕೊರಳಲ್ಲಿ ಹಾರವಿದ್ದ ಹಾಗೇ ಬಸ್ಸಿಳಿದೆವು. ಕೆರೆ ಏರಿಯ ಮೇಲೆ ಊರೇ ನಿಂತಿತ್ತು. ಮೆಟ್ಟಿಲ ಮೇಲೆ ಪುಟ್ಟಿಯ ಚಪ್ಪಲಿಗಳಿದ್ದವು. ಅತ್ತೆ ಬೂಟು ಕೂಡ ಬಿಚ್ಚದೆ ಧುಮುಕಿದಳು. ಎದ್ದಳು, ಮತ್ತೆ ಮುಳುಗಿದಳು. ಪ್ರತಿ ಸಲವೂ ಕೈತುಂಬ ಬರೀ ಕೆಸರು. ಜನ ಸಾಕೆಂದರೂ, "ಇನ್ನೊಂದ್ ಸಲ ಅಣ್ಣಾ, ಇನ್ನೊಂದೇ ಸಲ" ಎಂದು ಅಪ್ಪನನ್ನು ಬೇಡುತ್ತಿದ್ದಳು. ಕೊನೆಗೆ ಪುಟ್ಟಿಯನ್ನು ಎತ್ತಿ ತಂದದ್ದೂ ಅವಳೇ. ಅಪ್ಪ ಮಗುವನ್ನು ಅವಳ ಕೈಯಿಂದ ತೆಗೆದುಕೊಂಡು, "ಊರ್ ಮಕ್ಳಿಗೆಲ್ಲ ಕಲಿಸ್ದೆ. ನನ್ ಮಗೂಗೆ ಮಾತ್ರ ನಿಂಗೆ ಪುರುಸೊತ್ತಿರ್ಲಿಲ್ಲ" ಎಂದರು. ಅದೇ ಅವರು ತಂಗಿಯೊಡನೆ ಆಡಿದ ಕೊನೆಯ ಮಾತು.

ಅತ್ತೆ ಮುಳಬಾಗಿಲಿನಲ್ಲಿ ಒಂದು ಕೋಣೆ ಹಿಡಿದಳು. ಅವಳ ಹುಡುಗಿಯರು ಗೆಲ್ಲುತ್ತಲೇ ಹೋದರು. ಆದರೆ ಭಾನುವಾರಗಳನ್ನೆಲ್ಲ ಅವಳು ಐದಾರು ವರ್ಷದ ಮಕ್ಕಳಿಗೆ ಕೊಟ್ಟಳು. ಮನೆಮನೆಯ ಬಾಗಿಲಿಗೆ ಹೋಗಿ, ಬೇಡಿಕೊಂಡು, ಕೈಹಿಡಿದು ನೀರಿಗಿಳಿಸುತ್ತಿದ್ದಳು. ಇತ್ತ ಅಜ್ಜಿ ಹೋದಳು, ಮನೆ ಪಾಲಾಯಿತು, ಪಡಸಾಲೆಯನ್ನು ಕೆಡವಿದರು.

ಹೋದ ವರ್ಷ ಅತ್ತೆ ತೀರಿಕೊಂಡಾಗ ಅಪ್ಪನನ್ನು ನಾನೇ ಕರೆದೊಯ್ದೆ. ಬೀದಿಯ ತುಂಬ ಮಕ್ಕಳು. ಅಪ್ಪ ಅತ್ತೆಯ ಕೋಣೆಯ ಬಾಗಿಲ ಹೊರಗೆ ಕುಕ್ಕರಿಸಿ, ಹತ್ತಿರ ನಿಂತಿದ್ದ ಪುಟ್ಟ ಹುಡುಗಿಯನ್ನು ಕೇಳಿದರು: "ನಿಂಗೆ ಈಜು ಬರುತ್ತಾಮ್ಮಾ?"

"ಬರುತ್ತೆ ತಾತ. ಮಿಸ್ ಕಲಿಸಿದ್ರು."

ಅಪ್ಪ ಅವಳ ಪಕ್ಕದವಳನ್ನು ಕೇಳಿದರು. ಆಮೇಲೆ ಇನ್ನೊಬ್ಬಳನ್ನು. ಅತ್ತೆಯನ್ನು ಎತ್ತುವ ಹೊತ್ತಾಯಿತೆಂದು ನಾನು ಭುಜ ಮುಟ್ಟಿದರೂ ಅವರು ಏಳಲಿಲ್ಲ, ಕೇಳುತ್ತಲೇ ಇದ್ದರು.