ಟಾವೆಲ್ಲಿನ ಮರೆಯ ಗುಪ್ತಸಂಖ್ಯೆ

ಹೆಗಲ ಮೇಲೊಂದು ಟಾವೆಲ್ಲಿದ್ದವನಿಗೆ ಅರ್ಧ ಸಂಸಾರ ಕೈಗೆಟುಕುವಷ್ಟು ದೂರದಲ್ಲಿರುತ್ತದೆ. ಬೆವರೊರೆಸಲು, ಬಸ್ಸಿನ ಕಿಟಕಿಯಿಂದ ಎಸೆದು ಸೀಟು ಹಿಡಿಯಲು, ಬಿಸಿಲಿಗೆ ತಲೆಗೆ ಸುತ್ತಲು, ಸಾಲ ಕೇಳುವ ಬೀಗರು ಎದುರಾದಾಗ ಮೂಗಿನವರೆಗೆ ಮುಸುಕೆಳೆಯಲು ಇದಕ್ಕಿಂತ ನಿರಪಾಯಕಾರಿಯಾದ ಸಾಧನವಿಲ್ಲ. ಇಷ್ಟಾಗಿಯೂ ನೌಕರಿಯುದ್ದಕ್ಕೂ ನಾನದನ್ನು ಹೆಗಲಿಗೇರಿಸಲಿಲ್ಲ. ಹಿಡಕಲ್ ಅಣೆಕಟ್ಟಿನ ಕಚೇರಿಯಲ್ಲಿ ಗುಮಾಸ್ತನಾಗಿದ್ದ ನನಗೆ, ಹೆಗಲೆಂಬುದು ಇಸ್ತ್ರಿಯ ಗೆರೆಗಾಗಿಯೇ ವಿಧಾತನು ಸೃಷ್ಟಿಸಿದ ಅವಯವವೆಂಬ ದೃಢವಿಶ್ವಾಸವಿತ್ತು.

ನಮ್ಮ ಸೀಮೆಯ ಕುರಿಸಂತೆಗಳಲ್ಲಿ ಟಾವೆಲ್ಲಿಗೆ ಇದಕ್ಕಿಂತ ಘನವಾದ ಹುದ್ದೆಯೊಂದುಂಟು. ಕೊಳ್ಳುವವನೂ ಮಾರುವವನೂ ಎದುರುಬದುರು ನಿಂತು, ಕೈಗಳ ಮೇಲೆ ಟಾವೆಲ್ಲು ಹೊದಿಸಿ, ಒಳಗೆ ಬೆರಳು ಹಿಡಿದು ದರ ಹೇಳುತ್ತಾರೆ. ಇಷ್ಟು ಬೆರಳು ಹಿಡಿದರೆ ಇಷ್ಟು. ಒಪ್ಪದಿದ್ದರೆ ಕೊಸರಿಕೊಳ್ಳುವುದು, ಮತ್ತೆ ಹಿಡಿಯುವುದು. ಸುತ್ತ ನೆರೆದ ಮಂದಿ ಇಬ್ಬರ ಮುಖವನ್ನು ದಿಟ್ಟಿಸಿದರೂ ಅಲ್ಲಿ ಏನೂ ಸಿಗುವುದಿಲ್ಲ, ಹವಾಮಾನದ ಬಗ್ಗೆ ಚಿಂತಿಸುತ್ತಿರುವ ಇಬ್ಬರು ಸಭ್ಯ ಗೃಹಸ್ಥರಷ್ಟೇ ಕಾಣುತ್ತಾರೆ. ಒಳಗೆ ಹೇಳಿದ ಅಂಕೆ ಹೊರಗೆ ಬರಕೂಡದು. ಚಾಚಿದ ಟಾವೆಲ್ಲಿನ ಕೆಳಗೆ ಕೈಯಿಡಲು ಒಲ್ಲೆನೆಂದವನ ಕುಶಲವನ್ನು ಮುಂದೆ ಸಂತೆಯಲ್ಲಿ ಯಾರೂ ಕೇಳುವುದಿಲ್ಲ.

ಈ ಶಾಸ್ತ್ರದಲ್ಲಿ ನುರಿತವನು ಘೋಡಗೇರಿಯ ಬೀರಪ್ಪ. ನಮ್ಮ ಕಚೇರಿಯ ಹಿಂದಿನ ಬಯಲಿನಲ್ಲಿ ಕುರಿ ಮೇಯಿಸುತ್ತಿದ್ದ ಕಾಲದಿಂದಲೂ ನನ್ನ ಗೆಳೆಯ. ಗುಮಾಸ್ತನನ್ನು ಸಾಹೇಬನೆಂದು ಕರೆಯುವಷ್ಟು ಉದಾರಿ. ಕುರಿ ಕೊಳ್ಳುವ ವ್ಯಾಪಾರಿಗಳು ಫೋನಿನಲ್ಲೇ ಹಣ ಕಳಿಸುವುದಾಗಿ ಹಟ ಹಿಡಿದಾಗ ಅವನಿಗೆ ಫೋನಿನ ಖಾತೆ, ಕಾರ್ಡು, ಗುಪ್ತಸಂಖ್ಯೆ ಎಲ್ಲವನ್ನೂ ಮಾಡಿಸಿಕೊಟ್ಟವನು ನಾನೇ. ಆ ದಿನ, ನಿವೃತ್ತನಾದ ಮೇಲೆ ಕೇಳುಗರ ಅಭಾವದಿಂದ ಸೊರಗಿದ್ದ ನಾನು, ಗುಪ್ತಸಂಖ್ಯೆಯ ಮಹಿಮೆಯನ್ನು ಕುರಿತು ಸುದೀರ್ಘವಾಗಿ ಉಪದೇಶಿಸಿ, ಕಡೆಗೆ ಬೋಧವಾಕ್ಯವೆಂಬಂತೆ, "ಹೆಂಡತಿ ಕೇಳಿದ್ರೂ ಬಾಯಿಬಿಟ್ಟ ಈ ನಂಬರ ಹೇಳಬ್ಯಾಡ, ಬೀರಪ್ಪಾ" ಎಂದಿದ್ದೆ. ಅವನು ಎರಡೂ ಕಿವಿ ಮುಟ್ಟಿಕೊಂಡು ಒಪ್ಪಿದ್ದ.

ಈ ಸಲದ ಮಳೆಗಾಲದಲ್ಲಿ ಅವನ ಹಿಂಡಿನ ಬೀಜದ ಟಗರು ಸತ್ತು, ಹಿಂಡು ನಾಯಕನಿಲ್ಲದ ರಾಜಕೀಯ ಪಕ್ಷದಂತಾಯಿತು. ಮೂಡಲಗಿಯಲ್ಲೊಂದು ಟಗರನ್ನು ನೋಡಿಬಂದ ಬೀರಪ್ಪ ಅದರ ಕೊಂಬಿನ ಸುರುಳಿಯನ್ನು ಗಾಳಿಯಲ್ಲಿ ಬರೆದು ತೋರಿಸುತ್ತ ಊಟ ಬಿಟ್ಟ. ಟಗರಿನ ಯಜಮಾನ ಮಾತ್ರ ಹಳೆಯ ಕಾಲದವನು. ನೋಟು ಕೈಗೆ ಬಂದರೆ ಸರಿ, ಮರುದಿನ ಸಂಜೆಯೊಳಗೆ ಬರದಿದ್ದರೆ ಟಗರು ಕಟುಕರ ಲಾರಿ ಹತ್ತುತ್ತದೆ ಎಂದುಬಿಟ್ಟಿದ್ದ.

ಹೀಗಾಗಿ ಬೀರಪ್ಪ ಬೆಳಿಗ್ಗೆಯೇ ಹುಕ್ಕೇರಿಯ ಹಣದ ಯಂತ್ರದ ಮುಂದೆ ನಿಂತ. ಅದು ಒಂದಿಷ್ಟು ಕೊಟ್ಟು, ದಿನದ ಮಿತಿ ಮುಗಿಯಿತೆಂದು ಬಾಯಿ ಮುಚ್ಚಿತು. ಆತ ನೇರ ಗೋಕಾಕಕ್ಕೆ, ನಮ್ಮ ಮನೆಗೆ ಬಂದ.

"ಹುಕ್ಕೇರಿ ಮಿತಿ ಮುಗದೈತ್ರಿ ಸಾಹೇಬ್ರ. ಮೇವು ಮುಗದ ಹೊಲದಾಗ ನಿಂತರ ಏನ ಸಿಗತೈತಿ? ಗೋಕಾಕದಾಗ ಮೇಯೂಣು ಬರ್ರಿ. ಸಾಲದಿದ್ರ ಮೂಡಲಗಿ ಐತಿ."

ಮಿತಿಯೆಂಬುದು ತಾಲೂಕಿನದಲ್ಲ, ಖಾತೆಯದು. ಯಾವ ಊರಿನ ಯಂತ್ರಕ್ಕೆ ಹೋದರೂ ಅದು ನಮ್ಮ ಬೆನ್ನಿಗೇ ಇರುತ್ತದೆಂದು ನಾನು ವಿವರಿಸಿದೆ. ಬೆಳೆದ ಮೇವನ್ನು ಊರೂರು ಅಲೆದು ಮೇಯಿಸಿದ ಮನುಷ್ಯನಿಗೆ ಇದು ಶುದ್ಧ ಅವಿವೇಕವಾಗಿ ಕಂಡಿತು. ಪ್ರತ್ಯಕ್ಷ ಪ್ರಮಾಣವೇ ಲೇಸೆಂದು ಇಬ್ಬರೂ ಬಸ್‌ಸ್ಟ್ಯಾಂಡಿನ ಬಾಜೂಕಿನ ಯಂತ್ರಕ್ಕೆ ಹೋದೆವು.

ಒಳಗೆ ಹೋದವನೇ ಬೀರಪ್ಪ ಹೆಗಲಿನ ಟಾವೆಲ್ಲು ತೆಗೆದು ಗುಂಡಿಗಳ ಮೇಲೆ ಹೊದಿಸಿದ. ನನ್ನ ಉಪದೇಶ ಇಷ್ಟು ಆಳಕ್ಕೆ ಇಳಿದಿದೆಯೆಂದು ಕಣ್ಣು ಹನಿಗೂಡಿತು. ಮರುಕ್ಷಣದಲ್ಲೇ ಅವನು ಹಿಂದೆ ಸರದಿಯಲ್ಲಿ ನಿಂತಿದ್ದ, ಗುರುತು ಪರಿಚಯವಿಲ್ಲದ ಮನುಷ್ಯನತ್ತ ತಿರುಗಿ, "ಬರ್ರಿ ಕಾಕಾ, ಒಳಗ ಕೈ ಹಾಕ್ರಿ" ಎಂದು ಆಮಂತ್ರಿಸಿದ. ಆ ಕಾಕಾ ಸಂತೆ ಕಂಡವನೇ. ಲವಲೇಶವೂ ಅಚ್ಚರಿಪಡದೆ ಕೈ ಹಾಕಿದ. ನಾಲ್ಕು ಸಲ ಬೆರಳಿನ ಹಿಡಿತ. ಇಬ್ಬರ ಮುಖದಲ್ಲೂ ಹವಾಮಾನದ ಚಿಂತೆ.

"ಏನ ಮಾಡಾಕತ್ತಿಯೋ, ಬೀರಪ್ಪಾ!"

"ನನ್ನ ಕಣ್ಣಿಗೆ ಗುಂಡಿ ಮ್ಯಾಲಿನ ಅಂಕಿ ಕಾಣೂದಿಲ್ರಿ. ಕಾಕಾ ಒತ್ತತಾರ."

"ಯಾರಿಗೂ ನಂಬರ ಹೇಳಬ್ಯಾಡ ಅಂದಿದ್ನೆಲ್ಲೊ?"

ಅವನಿಗೆ ನಿಜವಾಗಿ ನೋವಾಯಿತು. "ಬಾಯಿ ಬಿಟ್ಟೇನ್ರಿ ನಾ?"

ವಿಚಾರಿಸಿದರೆ, ಆ ನಂಬರು ಹುಕ್ಕೇರಿಯಲ್ಲೊಬ್ಬ ಕಂಡಕ್ಟರಿಗೆ, ಯಮಕನಮರಡಿಯಲ್ಲಿ ಪಂಕ್ಚರ್ ಅಂಗಡಿಯವನಿಗೆ, ಹಿಡಕಲ್ಲಿನಲ್ಲೊಬ್ಬ ಮೀನುಗಾರನಿಗೆ ಪರಮಗೋಪ್ಯವಾಗಿ ತಿಳಿದಿತ್ತು. ತಿಳಿಯದೆ ಉಳಿದವನು ನಾನೊಬ್ಬನೇ. ಆದರೂ ಖಾತೆಯಿಂದ ಬಿಡಿಗಾಸೂ ಹೋಗಿರಲಿಲ್ಲ. ಟಾವೆಲ್ಲಿನ ಕೆಳಗಿನ ಮಾತು ಹೊರಗೆ ಬಾರದೆಂಬುದನ್ನು ಅವರೆಲ್ಲ ಪಾಲಿಸಿದ್ದರು. ನಾಳೆ ಅದನ್ನು ಪಾಲಿಸದ ಒಬ್ಬನ ಕೈ ಒಳಗೆ ಬಂದರೆ? ಒಂದು ದಿನಕ್ಕೆ ಇಷ್ಟೇ ಎಂಬ ಆ ಮಿತಿಯನ್ನು ನಾನೂ ಬಹಳ ಸಲ ಬೈದವನೇ. ಅಂದು ಮೊದಲ ಬಾರಿಗೆ ಅದು ಕುರಿದಡ್ಡಿಯ ಕಿರಿದಾದ ಬಾಗಿಲಿನಂತೆ ಕಂಡಿತು. ಕಳ್ಳ ಒಳಹೊಕ್ಕರೂ ಹಿಂಡು ಒಮ್ಮೆಲೇ ಹೊರಗೋಡುವುದಿಲ್ಲ. ಈ ಉಪಮೆ ಮಾತ್ರ ಬೀರಪ್ಪನಿಗೆ ತಟ್ಟನೆ ತಿಳಿಯಿತು. ಯಂತ್ರವೂ ಮಿತಿ ಮುಗಿದಿದೆಯೆಂದು ನನ್ನ ಪರವಾಗಿ ಸಾಕ್ಷಿ ನುಡಿಯಿತು. ಕಾಕಾನ ಕ್ಷಮೆ ಕೇಳಿ ಹೊರಗೆ ಕಳಿಸಿ, ನಾನು ಗೋಡೆಗೆ ಮುಖಮಾಡಿ ನಿಂತು, ಬೀರಪ್ಪನಿಗೆ ನನ್ನ ಕನ್ನಡಕ ಕೊಟ್ಟು, ಹೊಸ ಗುಪ್ತಸಂಖ್ಯೆ ಇಡಿಸಿದೆ.

ಹೊತ್ತು ಇಳಿಯುವ ಮುನ್ನ ಮೂಡಲಗಿ ಸೇರಿದಾಗ ಲಾರಿ ಬಂದು ನಿಂತಿತ್ತು. ಬೀರಪ್ಪ ಹುಕ್ಕೇರಿಯ ನೋಟುಗಳನ್ನು ಮುಂದಿಟ್ಟು, ಉಳಿದದ್ದು ಮಿತಿಯೊಳಗೆ ಸಿಕ್ಕಿಕೊಂಡ ಕಥೆಯನ್ನು ಹೇಳಿ, ಟಾವೆಲ್ಲು ಚಾಚಿದ. ಯಜಮಾನ ಬಹಳ ಹೊತ್ತು ಲಾರಿಯನ್ನೂ ಟಗರನ್ನೂ ನೋಡಿದ. ಕಡೆಗೆ ಕೈ ಒಳಗಿಟ್ಟ.

"ಮಿತಿ ನಿನ್ನ ಖಾತಿಗೆ ಐತಿ, ಮಾತಿಗೆ ಇಲ್ಲಲ್ಲ? ನಾಳಿಗೆ ತಾ."

ಮರುದಿನ ಮೂಡಲಗಿಯ ಯಂತ್ರದೊಳಗೆ ಬೀರಪ್ಪ ಒಬ್ಬನೇ ಹೋದ, ನನ್ನ ಕನ್ನಡಕದೊಂದಿಗೆ. ಕನ್ನಡಕವಿಲ್ಲದ ನನಗೆ ಗಾಜಿನಾಚೆ ಬಾಗಿದ ಬೆನ್ನೊಂದು ಮಸುಕಾಗಿ ಕಾಣುತ್ತಿತ್ತು. ಸರದಿಯ ಮಂದಿ ಗೊಣಗಿದರು. ಒಬ್ಬ, "ಒಳಗ ಸಂಸಾರ ಹೂಡ್ಯಾನೇನ್ರಿ?" ಎಂದ. ಕಡೆಗೊಮ್ಮೆ ಯಂತ್ರ ಗುರುಗುಟ್ಟಿ ನೋಟು ಕೊಟ್ಟಿತು.

ಹೊರಬಂದವನು ಕನ್ನಡಕ ಹಿಂದಿರುಗಿಸಿ, ಟಾವೆಲ್ಲನ್ನು ನನ್ನ ಕೈ ಮೇಲೆ ಹೊದಿಸಿದ. "ಮಂದಿಗೆ ಇನ್ನ ಹೇಳೂದಿಲ್ರಿ. ನಿಮಗೊಬ್ಬರಿಗೆ. ನಾಳಿ ನಾ ಮರತರ?"

ಇಷ್ಟು ವರ್ಷದ ಗೆಳೆತನದಲ್ಲಿ ಮೊದಲ ಸಲ ಅವನ ಟಾವೆಲ್ಲು ನನಗಾಗಿ ಚಾಚಿತ್ತು. ಒಲ್ಲೆನೆಂದರೆ ಗೆಳೆತನಕ್ಕೆ ಕುಂದು, ಒಪ್ಪಿದರೆ ನನ್ನದೇ ಉಪದೇಶಕ್ಕೆ. ಕೈ ಒಳಗಿಟ್ಟೆ, ಬೆರಳುಗಳನ್ನು ಮಡಚಿ ಮುಷ್ಟಿ ಕಟ್ಟಿದೆ. ಅವನ ಒರಟು ಕೈ ಹಿಡಿಯಲು ಬೆರಳು ಹುಡುಕಿತು.

"ಬೆರಳ ಎಲ್ಲಿ ಅದಾವ್ರಿ ಸಾಹೇಬ್ರ?"

"ಮನ್ಯಾಗ ಬಿಟ್ಟ ಬಂದೇನಿ."

ಹವಾಮಾನದ ಚಿಂತೆ ಸ್ವಲ್ಪ ಹೊತ್ತು ಅವನ ಮುಖದ ಮೇಲೆ ನಿಂತಿತು. ಆಮೇಲೆ ಮುಷ್ಟಿಯನ್ನು ಇಡಿಯಾಗಿ ಒಮ್ಮೆ ಅದುಮಿ, ಟಾವೆಲ್ಲು ಕೊಡವಿ, ಸರದಿಗೆಲ್ಲ ಕೇಳುವಂತೆ, "ಆತ್ರಿ, ವ್ಯವಹಾರ ಮುಗೀತು" ಎಂದ. ಯಜಮಾನನಿಗೆ ಉಳಿದ ಹಣ ಮುಟ್ಟಿಸಿದ ಮೇಲೆ, ಟಗರನ್ನು ಟೆಂಪೋದವರೆಗೆ ನಡೆಸುವ ಹಗ್ಗವನ್ನು ನನ್ನ ಕೈಗೇ ಕೊಟ್ಟದ್ದರಿಂದ ಅವನಿಗೆ ಸಿಟ್ಟಿಲ್ಲವೆಂದು ತಿಳಿದೆ. ಟಗರು ನನ್ನನ್ನು ಎಳೆದೊಯ್ದ ವೇಗವನ್ನು ನೋಡಿದರೆ ಬೇರೆ ಅರ್ಥವೂ ಸಾಧ್ಯ.

ಈಗ ಇಸ್ತ್ರಿಯ ಗೆರೆಯನ್ನು ತ್ಯಾಗ ಮಾಡಿ ನಾನೂ ಹೆಗಲಿಗೊಂದು ಟಾವೆಲ್ಲು ಹಾಕುತ್ತೇನೆ. ಹಣ ತೆಗೆಯುವಾಗ ಗುಂಡಿಗಳ ಮೇಲೆ ಹೊದಿಸಿ, ಒಳಗೆ ನನ್ನದೇ ನಂಬರನ್ನು ನಾನೇ ಒತ್ತುತ್ತೇನೆ. ಬಹಳ ಸುರಕ್ಷಿತ. ಅದರ ಕೆಳಗೆ ಒಂದೇ ಕೈಯಿರುತ್ತದೆ. ಅಷ್ಟು ದೊಡ್ಡ ಟಾವೆಲ್ಲಿಗೆ ಅದು ಸ್ವಲ್ಪ ಕಡಿಮೆಯೇ.